ನನ್ನ ಕೈ ಮುರಿದ ಮೆಕ್ಯಾನಿಕ್

ಅವರ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಪೂರ್ತಿ ಉಳಿದಿದ್ದವು. ನಡುವಿನ ಮೂರೂ ಮೊದಲ ಗೆಣ್ಣಿಗೇ ಮುಗಿದಿದ್ದವು. ಆ ಕೈಯಲ್ಲೇ ಸ್ಪ್ಯಾನರ್ ಹಿಡಿದು, ತುಕ್ಕು ತಿಂದ ನಟ್ಟನ್ನು ಬಯ್ಯುತ್ತಾ ಬಿಚ್ಚುತ್ತಿದ್ದರು. ಧಾರವಾಡದ ಕಡೆಯವರು. ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ನಾನು ಕೆಲಸಕ್ಕಿದ್ದ ತರಕಾರಿ ಗೋದಾಮಿಗೆ ಯಂತ್ರ ರಿಪೇರಿಗೆ ಬರುತ್ತಿದ್ದರು. ಮೈಸೂರಿನವಳಾದ ನಾನು ಮೊದಲ ದಿನವೇ ಅಣ್ಣ ಎಂದೆ. ಅವರು ತಂಗಿ ಎಂದರು.

ಸಿಟ್ಟು ಬಂದರೆ ಅವರ ಕೈಯಲ್ಲಿದ್ದದ್ದು ಹಾರುತ್ತಿತ್ತು. ಒಮ್ಮೆ ಎಸೆದ ಸುತ್ತಿಗೆಗೆ ಗೋದಾಮಿನ ತಗಡಿನ ಬಾಗಿಲು ನೆಗ್ಗಿಹೋಗಿತ್ತು.

ಲಂಡನ್ನಿನಲ್ಲಿ ಹಿಮ ಅಪರೂಪ. ಅಂಗಳದ ಹಿಮ ಎತ್ತಿ ಎಸೆಯುವ ನಮ್ಮ ಯಂತ್ರ ವರ್ಷವಿಡೀ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಚಳಿಗಾಲಕ್ಕೆ ಮುಂಚೆ ಅವರು ಬಂದು ಸವೆದ ಬೆಲ್ಟು ಬದಲಿಸಿ, ಹಿಮವನ್ನು ಒಳಗೆಳೆಯುವ ಸುರುಳಿ ಅಲಗಿನ ಡೊಂಕು ತೆಗೆದು, ಅದಕ್ಕೊಂದು ಮೆದು ಪಿನ್ ಹಾಕುತ್ತಿದ್ದರು.

“ಏನರ ಸಿಕ್ಕೊಂಡ್ರ ಈ ಪಿನ್ ಮುರೀಬೇಕು ತಂಗಿ. ಇದು ಮುರದ್ರ ಉಳದದ್ದೆಲ್ಲಾ ಉಳೀತದ,” ಎನ್ನುತ್ತಿದ್ದರು.

ಆ ವರ್ಷ ಹಿಮ ಜಾಸ್ತಿ; ಪಿನ್ ಎರಡು ಸಲ ಮುರಿಯಿತು. ಬೇಸತ್ತ ಸೂಪರ್‌ವೈಸರ್ ಅದರ ಜಾಗದಲ್ಲಿ ಉಕ್ಕಿನ ಗಟ್ಟಿ ಬೋಲ್ಟ್ ಬಿಗಿದ, ನನ್ನ ಕಣ್ಣೆದುರೇ. ಮುರಿದ ಪಿನ್ನಿನ ಚೂರು ಗುಡಿಸಿ ನಾನು ಕೆಲಸಕ್ಕೆ ಮರಳಿದೆ.

ಮರುದಿನ ಬೆಳಿಗ್ಗೆ ದಪ್ಪ ಹಿಮ. ಗೇಟಿನಾಚೆ ಲಾರಿಗಳ ಸಾಲು. ಯಂತ್ರ ಯಾವುದೋ ಮರದ ತುಂಡು ನುಂಗಿ ನಿಂತುಬಿಟ್ಟಿತು. ಅಣ್ಣನಿಗೆ ಫೋನ್ ಹೋಗಿತ್ತು. ಅಷ್ಟು ಹೊತ್ತು ಕಾಯಲು ಸೂಪರ್‌ವೈಸರ್‌ಗೆ ತಾಳ್ಮೆಯಿಲ್ಲ. ಬೇಗ ತೆಗಿ ಎಂದು ನನ್ನ ಮೇಲೆ ಕಿರುಚಿದ. ಎಂಜಿನ್ ಆಫ್ ಮಾಡಿ ಯಂತ್ರದ ಬಾಯೊಳಗೆ ಕೈ ಚಾಚಿದೆ.

“ಕೈ ತಗೀ!”

ಅಣ್ಣನ ದನಿ. ತಿರುಗುವಷ್ಟರಲ್ಲಿ ಅವರ ಕೈಯಲ್ಲಿದ್ದ ಸನಿಕೆಯ ಹಿಡಿ ನನ್ನ ಮುಂಗೈಗೆ ಅಪ್ಪಳಿಸಿತು. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಹಿಮದಲ್ಲಿ ಬಿದ್ದು ಚೀರಿದೆ. ಅಣ್ಣ ಅದೇ ಹಿಡಿಯನ್ನು ಒಳಗೆ ತುರುಕಿ ಮರದ ತುಂಡನ್ನು ಒತ್ತಿದರು. ಎಂಜಿನ್ ಆಫ್ ಆಗಿದ್ದರೂ ಬೆಲ್ಟಿನ ಸೆಳೆತದಲ್ಲಿ ಬಿಗಿದು ನಿಂತಿದ್ದ ಅಲಗು ಒಮ್ಮೆಲೇ ತಿರುಗಿತು. ಹಿಡಿ ಎರಡು ತುಂಡಾಯಿತು.

“ಹಿಂಗಽ ಹೋದ್ವು ನನ್ನ ಬೆರಳು,” ಎಂದರು. ಆಮೇಲೆ ಅವರ ಕಣ್ಣು, ಮುರಿದು ಆ ಬಿಗಿ ಬಿಡಿಸಬೇಕಿದ್ದ ಪಿನ್ನಿನ ಜಾಗದಲ್ಲಿದ್ದ ಬೋಲ್ಟಿನ ಮೇಲೆ ಬಿತ್ತು.

ನೇರ ಹೋಗಿ ಸೂಪರ್‌ವೈಸರ್‌ನ ಕೊರಳಪಟ್ಟಿ ಹಿಡಿದು ಅವನ ಮುಖವನ್ನು ಲಾರಿಗೆ ಬಡಿದರು. ಮತ್ತೊಮ್ಮೆ ಬಡಿದರು. ಹಿಮದ ಮೇಲೆ ರಕ್ತ ತೊಟ್ಟಿಕ್ಕಿತು. ಇಬ್ಬರು ಡ್ರೈವರ್‌ಗಳು ಎಳೆದು ಬಿಡಿಸದಿದ್ದರೆ ಆತ ಉಳಿಯುತ್ತಿರಲಿಲ್ಲವೇನೋ.

ಮುಂದಿನ ವಾರ ಆಫೀಸಿನವರು ನನ್ನಿಂದ ಲಿಖಿತ ಹೇಳಿಕೆ ಕೇಳಿದರು. ಅದರ ಹಿಂದಿನ ದಿನ ಅಣ್ಣ ಫೋನ್ ಮಾಡಿದ್ದರು: “ನಾ ಹೊಡದದ್ದು ಬರೀ. ಬೋಲ್ಟಿಂದೂ ಬರೀ.” ಹೊಡೆದದ್ದನ್ನು ಬರೆದೆ. ಬೋಲ್ಟಿನ ವಿಷಯ ಬರೆಯಲಿಲ್ಲ. ನನಗೆ ಕೆಲಸ ಬೇಕಿತ್ತು. ಅವರ ಕೆಲಸ ಹೋಯಿತು, ಕೋರ್ಟಿಗೆ ಅಲೆದಾಟವೂ ಆಯಿತು. ಅವರು ಮತ್ತೆ ಫೋನ್ ಮಾಡಲಿಲ್ಲ. ಮಾಡುವ ಮುಖ ನನಗೂ ಇರಲಿಲ್ಲ.

ಮೂರು ವರ್ಷದ ಮೇಲೆ, ಹೃದಯಾಘಾತದಿಂದ ಹೋದರೆಂದು ಗೊತ್ತಾಗಿ ಸೌತ್‌ಹಾಲ್‌ನ ಅವರ ಮನೆಗೆ ಹೋದೆ. ನಾನು ಯಾರೆಂದು ತಿಳಿದೊಡನೆ ಅವರ ಹೆಂಡತಿ ನನ್ನ ಕೈ ಹಿಡಿದು, ಮುರಿದಿದ್ದ ಜಾಗವನ್ನು ಸವರಿದರು.

“ನೆಟ್ಟಗಾತೇನವ್ವಾ? ಅವತ್ತ ಅವರು ಊಟಾ ಮಾಡಲಿಲ್ಲ. ಹೆಣ್ಮಗಳ ಕೈ ಮುರದ್ನಿ ಅಂತ ಅತ್ತರು.”

ತಡೆಯಲಾಗಲಿಲ್ಲ. ಬೋಲ್ಟಿನ ವಿಷಯ, ನಾನು ಬರೆಯದೆ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. ಆಕೆ ಬಯ್ಯಲಿಲ್ಲ. ಮೆಲ್ಲಗೆ ನನ್ನ ಕೈ ಬಿಟ್ಟರು.

“ಅವರು ಇದ್ದಾಗ ಹೇಳಬೇಕಿತ್ತಲ್ಲವ್ವಾ,” ಎಂದರು.