ಮಿಲ್ಲಿನ ಗೇಟು ದಾಟಿದ ಕಾಗದದ ಟೋಪಿ

ಲಿಫ್ಟ್ ಸರಿಮಾಡ್ತೀವಿ ಅಂದ್ರು ಕಟ್ಟಡದ ಮಾಲೀಕರು, ಮಾಡಲಿಲ್ಲ. ಚಳಿಗೆ ಮುಂಚೆ ಹೀಟಿಂಗ್ ಅಂದ್ರು, ಕೊಡಲಿಲ್ಲ. ಯಾರನ್ನೂ ಮನೆ ಬಿಡಿಸಲ್ಲ ಅಂದಿದ್ದರು. ಇವತ್ತು ಜರ್ಮನಿಯ ಡ್ಯೂಸೆಲ್ಡಾರ್ಫಿನ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಮನೆ ಖಾಲಿ ಮಾಡಿ ಅನ್ನುವ ನೋಟಿಸು ಬಂದಿದೆ. ನನಗೆ ಸಿಟ್ಟೂ ಬರಲಿಲ್ಲ. ಎದುರುಮನೆಯ ಜಪಾನಿ ಅಜ್ಜಿ ಯೂಕೊ ಮೆಟ್ಟಿಲ ಮೇಲೆ ಕೂತು ತಮ್ಮ ನೋಟಿಸನ್ನು ಕಾಗದದ ಕೊಕ್ಕರೆಯಾಗಿ ಮಡಚುತ್ತಿದ್ದರು. ಮಡಿಕೆಯ ಮೇಲೆ ಉಗುರು ಎಳೆದ ಸದ್ದು ಕೇಳಿಸಿತು.

ಅಪ್ಪ ಹೀಗೇ ಉಗುರು ಎಳೀತಿದ್ದ. ದಾವಣಗೆರೆಯ ಬಟ್ಟೆ ಮಿಲ್ಲಿನ ಗೇಟಲ್ಲಿ ವಾಚ್‌ಮನ್‌ಗಳು ದೊಡ್ಡವರ ಕೈಯಿಂದ ಕಾರ್ಮಿಕರ ಸಭೆಯ ಕರಪತ್ರ ಕಿತ್ಕೊಳ್ತಿದ್ದರು. ಅದಕ್ಕೇ ಅಪ್ಪ ಕರಪತ್ರಗಳನ್ನೇ ಟೋಪಿಯಾಗಿ ಮಡಚಿ, ಬುತ್ತಿ ಒಯ್ಯುವ ನಮ್ಮಂಥ ಮಕ್ಕಳ ತಲೆಗಿಟ್ಟ.

"ಅಕ್ಷರ ಹೊರಗಿರ್ಬೇಕು ಪುಟ್ಟಿ, ತಿರುಗಿಸ್ಬ್ಯಾಡ."

"ಏನ್ರಲೇ, ಮಹಾರಾಜರ ಮೆರವಣಿಗೆ ಹೊಂಟೈತಾ?" ಅಂತ ನಕ್ಕು ವಾಚ್‌ಮನ್ ಒಳಗೆ ಬಿಟ್ಟ. ಕಾರ್ಮಿಕರು ಅನ್ನ ಕಲಸುತ್ತಲೇ ನಮ್ಮ ತಲೆ ಓದಿದರು. ಕೊನೆಗೆ ಮಿಲ್ಲು ಮುಚ್ಚಿತು. ಆದರೆ ಅವತ್ತಿನ ಸಭೆಗೆ ಎಲ್ಲರೂ ಬಂದಿದ್ದರು.

ನನ್ನ ನೋಟಿಸಿನ ಹಿಂದೆ ಬಾಡಿಗೆದಾರರ ಸಭೆಯ ವಿವರ ಬರೆದು ಯೂಕೊ ಅಜ್ಜಿಯ ಕೈಗೆ ಕೊಟ್ಟೆ. ಓದಿದರು. ಮಡಚಲಿಲ್ಲ. ಎದ್ದು ಹೋಗಿ ಕಟ್ಟಡದ ಬಾಗಿಲಿಗೆ ಅಂಟಿಸಿದರು: ನೆಲಮಾಳಿಗೆಯಲ್ಲಿ, ಗುರುವಾರ, ಸಂಜೆ ಏಳು ಗಂಟೆ.