ಬಾದಾಮಿ ಹೊಂಡದ ನಾಲ್ಕನೆಯ ನುಡಿ

ಇಂಥ ಸಂಗತಿ ಯಾರಾದರೂ ಹೇಳಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾಟಕ ಕಂಪನಿಯಲ್ಲಿ ನಾನು ಕಟ್ಟಿದ ಹಾಡುಗಳೆಲ್ಲ ಮಾಲಕರ ಹೆಸರಿನಲ್ಲೇ ಹೋಗುತ್ತಿದ್ದವು. ಒಂದು ದಿನ ತಡೆಯಲಾರದೆ, "ಇನ್ನ ಮ್ಯಾಲೆ ನನ್ನ ಹಾಡು ನಾನಽ ಹಾಡ್ಕೋತೇನ್ರಿ" ಎಂದು ಜಗಳವಾಡಿ ಹೊರಬಿದ್ದೆ. ಇಳಕಲ್ಲಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಜೊತೆಗೆ ಸಿಕ್ಕವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಮೌಲಾಸಾಹೇಬರು. ಮುಂಬಯಿ ಹೋಟೆಲುಗಳಲ್ಲಿ ಜಾಝ್ ನುಡಿಸಿ ಬಂದಿದ್ದ ಅವರು ನನಗೂ ಅದೇ ಹುಚ್ಚು ಹತ್ತಿಸಿದರು. ಇದು ಹಾಡೋ ಬಸ್ಸಿನ ಹಾರನ್ನೋ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ಮತ್ತೆ ಯಾರಾದರೂ ಕದ್ದಾರೆಂಬ ಭಯ ನನಗೆ. ಹೊಸ ಹಾಡನ್ನು ಬರೆದಿಡುತ್ತಿರಲಿಲ್ಲ, ಗುನುಗುತ್ತಲೂ ಇರಲಿಲ್ಲ. ವೇದಿಕೆ ಹತ್ತುವವರೆಗೆ ಅದು ತಲೆಯೊಳಗೇ ಇರುತ್ತಿತ್ತು. ಸಾಹೇಬರಿಗೂ ಶ್ರುತಿಯಷ್ಟೇ ಹೇಳುತ್ತಿದ್ದೆ. ಉಳಿದದ್ದನ್ನು ಅವರು ಅಲ್ಲೇ ಹಿಡಿಯುತ್ತಿದ್ದರು.

ನನ್ನ ಮೊದಲ ಸ್ವಂತ ಕಾರ್ಯಕ್ರಮ ಬಾದಾಮಿಯಲ್ಲಿ. ಹೊಸ ಹಾಡಿನ ಮೂರು ನುಡಿ ಸಿದ್ಧವಾಗಿದ್ದವು, ನಾಲ್ಕನೆಯದು ವಾರದಿಂದ ಸತಾಯಿಸುತ್ತಿತ್ತು. ಮಧ್ಯಾಹ್ನ ಚಡಪಡಿಸುತ್ತ ಹೊಂಡದ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಗೆತದ ಪೆಟ್ಟು ಎದುರಿನ ಬಂಡೆಗೆ ಬಡಿದು ತಿರುಗಿ ಬರುತ್ತಿತ್ತು. ಆ ಪೆಟ್ಟಿಗೆ ಸರಿಯಾಗಿ ಒಬ್ಬ ಮುದುಕಿ ಹಾಡತೊಡಗಿದಳು. ನನ್ನ ಹಾಡು! ಮೂರೂ ನುಡಿ, ಒಂದಕ್ಷರ ತಪ್ಪಿಲ್ಲ. ಅಲ್ಲಿಗೆ ನಿಲ್ಲಿಸದೆ ನಾಲ್ಕನೆಯದನ್ನೂ ಹಾಡಿದಳು. ನಾನು ಮೆಟ್ಟಿಲಿಳಿದು ಅವಳ ಹತ್ತಿರ ಹೋದೆ.

"ಯವ್ವಾ, ಇದು ಯಾರ ಹಾಡು?" ಎಂದೆ.

"ನಮ್ಮವ್ವ ಹಾಡ್ತಿದ್ಲು. ಯಾಕ, ನಿನಗೂ ಬರ್ತೈತೇನು?"

ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಸಂಜೆ ನಾಲ್ಕೂ ನುಡಿ ಹಾಡಿದೆ. ಕೊನೆಯದನ್ನು ಬಿಡಲು ಮನಸ್ಸಾಗಲಿಲ್ಲ, ಅಷ್ಟು ಚೆನ್ನಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾಹೇಬರು ಹತ್ತಿರ ಬಂದು, "ಖರೆ ಹೇಳ್ರಿ ಬಾಯಾರ, ಇದು ನಿಮ್ದಽ ಏನು?" ಎಂದರು.

"ನಂದಽ ರಿ" ಎಂದುಬಿಟ್ಟೆ.

ಇಡೀ ರಾತ್ರಿ ಆ ಮಾತು ಚುಚ್ಚಿತು. ಬೆಳಿಗ್ಗೆ ಹೊಂಡಕ್ಕೆ ಓಡಿದೆ. ಮುದುಕಿ ಅಲ್ಲೇ ಇದ್ದಳು. ನಿನ್ನೆಯ ಹಾಡು ಎಂದದ್ದೇ ತಡ, "ಯಾವ ಹಾಡವ್ವಾ? ನನಗೆಲ್ಲಿ ಹಾಡಾಕ ಬರ್ತೈತಿ?" ಎಂದಳು. ಪಕ್ಕದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವಳು ಹಾಡಿದ್ದನ್ನು ಅವರು ಯಾರೂ ಎಂದೂ ಕೇಳಿಯೇ ಇಲ್ಲವಂತೆ.

ಅವಳಿಗೆ ನನ್ನ ತಲೆಯೊಳಗಿನದು ಕೇಳಿಸಿತೋ, ಅವಳ ಅವ್ವನ ಹಾಡೇ ನನ್ನ ತಲೆಗೆ ಬಂದಿತ್ತೋ, ತಿಳಿಯದು. ನನಗೆ ಹೆಸರು ತಂದುಕೊಟ್ಟದ್ದು ಆ ಹಾಡೇ. ಉಳಿದ ಹಾಡುಗಳನ್ನು ನಾನು ಕಟ್ಟಿದವೆಂದು ಧೈರ್ಯವಾಗಿ ಹೇಳಿ ಹಾಡುತ್ತೇನೆ. ಇದರ ಸರದಿ ಬಂದಾಗ ಮಾತ್ರ "ಈ ಹಾಡು ಕಟ್ಟಿದವರು" ಎನ್ನುವಷ್ಟಕ್ಕೆ ನಾಲಿಗೆ ನಿಲ್ಲುತ್ತದೆ. ಸಾಹೇಬರು ನನ್ನ ಮುಖ ನೋಡಿ ಕ್ಲಾರಿನೆಟ್ ಶುರುಮಾಡಿಬಿಡುತ್ತಾರೆ.