ಕವಾಯತಿನ ರೈಫಲ್ಲಿಗೆ ಹೊಸ ಸ್ಕ್ರೂ

ನನ್ನ ಮಾವ, ಅಂದರೆ ಗಂಡನ ಅಪ್ಪ, ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದರು. ಗಡಿಯಲ್ಲಿ ನಿಂತವರಲ್ಲ, ಬಂದೂಕು ರಿಪೇರಿಯ ವರ್ಕ್‌ಶಾಪಿನಲ್ಲಿ ಕೂತವರು. ಯಾರಾದರೂ ಯುದ್ಧದ ಕತೆ ಕೇಳಿದರೆ, "ನಾ ಸ್ಕ್ರೂ ತಿರುಗ್ಸ್ದವ, ನನ್ನ ಹತ್ರ ಎಂತಾ ಕತೆ?" ಎಂದು ಎದ್ದುಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅವರ ಬಲಗೈ ಸೋತಿತು. ಮಾತು ತುಸು ತೊದಲಿದರೂ ಅರ್ಥವಾಗುತ್ತಿತ್ತು. ಆದರೆ ಅವರು ಆಡುವುದನ್ನೇ ಬಿಟ್ಟರು. ಅಮದಳ್ಳಿಯ ಮನೆಯ ಜಗುಲಿಯಲ್ಲಿ ಕೂತು ದಾರಿ ನೋಡುವುದು, ಊಟಕ್ಕೆ ಕರೆದರೆ ಬರುವುದು, ಅಷ್ಟೇ.

ಕಾರವಾರದಲ್ಲಿ ನನ್ನದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಂಕೋಲೆಯ ತವರಿನಲ್ಲಿ ಅಪ್ಪನಿಂದ ಕಲಿತ ಕೆಲಸ. ಒಮ್ಮೆ ಕಾಲೇಜಿನ ಕವಾಯತು ತುಕಡಿ ನೋಡಿಕೊಳ್ಳುವ ಮೇಡಂ ತಮ್ಮ ಯಂತ್ರ ತಂದವರು ಮಾತಿಗೆ ಹೇಳಿದರು: ಮಕ್ಕಳು ಕವಾಯತಿಗೆ ಹಿಡಿಯುವ ಹಳೆಯ ಥ್ರೀ ನಾಟ್ ಥ್ರೀ ರೈಫಲ್ಲಿನ ಬೆಲ್ಟ್ ಕೊಂಡಿ ಕಳಚಿದೆ, ಹೊಸ ಕೊಂಡಿ, ಅದನ್ನು ಮರಕ್ಕೆ ಬಿಗಿಯುವ ಲೋಹದ ಪಟ್ಟಿ, ಸ್ಕ್ರೂ ಎಲ್ಲ ಬಂದಿವೆ, ಕೂರಿಸಲು ಮಾತ್ರ ಯಾರಿಗೂ ಬರುತ್ತಿಲ್ಲ. ನಳಿಕೆಗೆ ತೂತು ಕೊರೆದು ಗುಂಡು ಹಾರದಂತೆ ಮಾಡಿದ ರೈಫಲ್ ಅದು.

ಮನೆಗೆ ಬಂದು ಮಾವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಇಸ್ತ್ರಿ ಅಂಗಿ ಹಾಕಿ ಮೆಟ್ಟಿಲ ಮೇಲೆ ನಿಂತಿದ್ದರು.

"ಎಲ್ಲಿಗೆ ಮಾವ?"

"ಕಾಲೇಜಿಗೆ. ನಿನ್ನ ಸ್ಕ್ರೂಡ್ರೈವರ್ ಎಲ್ಲಾ ತಕಾ."

ಕಾಲೇಜಿನ ಕೋಣೆಯಲ್ಲಿ ಮೇಜಿನ ಮೇಲೆ ರೈಫಲ್ ಇಟ್ಟಿದ್ದರು. ನಾನು ನೇರ ಕೊಂಡಿಗೆ ಕೈಹಾಕಿದೆ.

"ಮೊದ್ಲು ಬೋಲ್ಟ್ ತೆಗ್ದು ಒಳಗೆ ನೋಡು," ಎಂದರು ಮಾವ.

"ಇದು ಹಾರೂದೇ ಇಲ್ಲಲ್ಲ?"

"ಸತ್ತದ್ದಾದ್ರೂ ನೋಡೂದೇ. ಬೆರಳು ಹಾಕಿ ನೋಡು."

ಅವರು ತೋರಿಸಿದಂತೆ ಹಿಂಬದಿಯ ಉಕ್ಕಿನ ಬೋಲ್ಟ್ ಎಳೆದು ತೆಗೆದು, ಗುಂಡು ಕೂರುವ ಜಾಗಕ್ಕೆ ಬೆರಳು ಹಾಕಿ ನೋಡಿದೆ, ಖಾಲಿ. ಆಮೇಲೆ ಅವರು ಎಡಗೈ ಬೆರಳಿನಿಂದ ಮರದ ಮೇಲೆ ತಡವುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಹಳೆಯ ಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ತೆಳ್ಳಗೆ ಗುರುತು ಬಿದ್ದಿತ್ತು. ಯಾರೋ ಹೊಸ ಪಟ್ಟಿಯನ್ನು ಅದರಿಂದ ಬೆರಳಗಲ ಆಚೆ, ಅದೂ ಹಿಂದುಮುಂದಾಗಿ ಹಾಕಿ ಬಿಟ್ಟಿದ್ದರು. ತೆಗೆದು ತಿರುಗಿಸಿ ಗುರುತಿಗೆ ಸರಿಯಾಗಿ ಕೂರಿಸಿದೆ. ನಾನು ಹಿಡಿದ ಸ್ಕ್ರೂಡ್ರೈವರ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಬಾಯಿ ಸಣ್ಣದಾದರೆ ಸ್ಕ್ರೂವಿನ ತಲೆ ಕಿತ್ತುಹೋಗುತ್ತದಂತೆ. ಹೊಲಿಗೆ ಯಂತ್ರದ ಸೂಜಿ ತಟ್ಟೆ ಬಿಚ್ಚುವ ಅಗಲದ್ದನ್ನು ತೆಗೆದೆ.

ಸ್ಕ್ರೂ ಅರ್ಧ ಸುತ್ತು ಹೋಗಿ ಬಿಗಿಯಿತು. ನಾನು ಒತ್ತಿದೆ.

"ನಿಲ್ಸೇ!" ಮಾವ ಕೂಗಿದ್ದಕ್ಕೆ ಮೇಡಂ ಕೂಡ ಬೆಚ್ಚಿದರು. "ಜೋರು ಮಾಡ್ಬೇಡ. ಹಿಂದಕ್ಕೆ ತಿರುಗ್ಸು, ನಿಧಾನ."

ತಮ್ಮ ಎಡಗೈಯನ್ನು ನನ್ನ ಕೈಯ ಮೇಲಿಟ್ಟರು. ಹಿಂದಕ್ಕೆ ತಿರುಗಿಸುತ್ತ ಹೋದಾಗ ಒಂದು ಕಡೆ, ಓರೆ ಹತ್ತಿದ್ದ ಸ್ಕ್ರೂ ಟಕ್ಕೆಂದು ತನ್ನ ಸುರುಳಿ ಗೆರೆಗೆ ಇಳಿದದ್ದು ಬೆರಳಿಗೆ ತಿಳಿಯಿತು.

"ಹಾಂ. ಈಗ ಮುಂದೆ."

ಸಲೀಸಾಗಿ ಹೋಯಿತು. ಹದಿನೆಂಟು ವರ್ಷದಿಂದ ಸ್ಕ್ರೂ ತಿರುಗಿಸುತ್ತಿರುವ ನನಗೆ ಇದು ಗೊತ್ತಿರಲಿಲ್ಲ. ಆ ಖುಷಿಯಲ್ಲಿ ಕೊನೆಗೆ ಒಂದು ತಿರುವು ಜಾಸ್ತಿ ಕೊಟ್ಟೆ, ಮರ ಕಿರ್ರೆಂದಿತು. ಮಾವ ಬೈಯಲಿಲ್ಲ. "ಕಾಲು ಸುತ್ತು ಹಿಂದೆ ಬಿಡು, ಮರಕ್ಕೂ ಉಸ್ರಾಡೂಕೆ ಜಾಗ ಬೇಕು" ಎಂದರು.

ಬೆಲ್ಟ್ ಸಿಕ್ಕಿಸಿ ಕೊಟ್ಟೆವು. ತುಕಡಿಯ ಹುಡುಗಿಯೊಬ್ಬಳು ರೈಫಲ್ ಎತ್ತಿ ಹೆಗಲಿಗೇರಿಸಿ ಇಳಿಸಿದಳು. ಎಲ್ಲೂ ಗಡಗಡ ಸದ್ದಿಲ್ಲ. ರೈಫಲ್ ಮೇಜಿನ ಮೇಲಿಟ್ಟು ಅವಳು ಮಾವನಿಗೆ ಸಲ್ಯೂಟ್ ಹೊಡೆದಳು. ಮಾವನೂ ಬಲಗೈ ಎತ್ತಲು ಹೊರಟರು. ಕೈ ಎದೆಯವರೆಗೆ ಬಂದು ನಿಂತಿತು. ನಾನು ಹಿಡಿಯಲು ಮುಂದಾದವಳು ಯಾಕೋ ಸುಮ್ಮನಾದೆ. ಹುಡುಗಿ ಹಣೆಯ ಮೇಲಿನ ಕೈ ಇಳಿಸದೆ ಕಾದಳು. ಕೈ ಹಣೆಯವರೆಗೆ ಬರಲಿಲ್ಲ. ಗಲ್ಲ ಮುಟ್ಟಿ ಇಳಿಯಿತು. ಆಮೇಲಷ್ಟೇ ಅವಳು ತನ್ನ ಕೈ ಇಳಿಸಿದಳು.

ರಿಕ್ಷಾದಲ್ಲಿ ಬರುವಾಗ ಮಾವ ವರ್ಕ್‌ಶಾಪಿನ ಸುದ್ದಿ ತೆಗೆದರು: ಚಳಿಯಲ್ಲಿ ಲೋಹ ಬೆರಳಿಗೆ ಅಂಟುತ್ತಿದ್ದದ್ದು, ಕಳೆದುಹೋದ ಒಂದು ಸ್ಪ್ರಿಂಗಿಗಾಗಿ ಹನ್ನೊಂದು ಜನ ನೆಲದ ಮೇಲೆ ಮಂಡಿಯೂರಿ ಹುಡುಕಿದ್ದು. ಮನೆ ಬಂದರೂ ಮುಗಿಯಲಿಲ್ಲ. ರಿಕ್ಷಾದವನೂ ಇಂಜಿನ್ ಆರಿಸಿ ಕೇಳಿದ.

ಆಮೇಲೆ ಉಳಿದ ರೈಫಲ್ಲುಗಳಿಗಾಗಿ ಇಬ್ಬರೂ ಮೂರು ಶನಿವಾರ ಹೋದೆವು. ನಾಲ್ಕನೆಯ ಶನಿವಾರ ಅವರಿಗೆ ಜ್ವರ. ನಾನೊಬ್ಬಳೇ ಹೋಗಿ ಕೊನೆಯ ರೈಫಲ್ಲಿನ ಹಿಂಬದಿಗೆ, ಹೆಗಲಿಗೆ ತಾಗುವ ಹಿತ್ತಾಳೆ ಫಲಕ ಕೂರಿಸಿ ಫೋನ್ ಮಾಡಿದೆ.

"ಬೋಲ್ಟ್ ತೆಗ್ದು ನೋಡಿದ್ಯೇನೆ?"

"ನೋಡಿದೆ ಮಾವ."

"ಬೆರಳು ಹಾಕಿ?"

"ಬೆರಳು ಹಾಕಿ."

"ಹಂಗಾರೆ ಬಾ. ಗಂಜಿ ಬಿಸಿ ಉಂಟು."